ಫೀನಿಕ್ಸ್‌ನ ಮಾಸ್ಕ್ ಗೊಂದಲ: ಮರುಭೂಮಿಯ ಊರಿಗೆ ಕಷ್ಟದ ತಿಂಗಳು ಇನ್ನೂ ಮುಂದಿದ್ದವು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಿಂದ 2021ರ ಏಪ್ರಿಲ್‌ನಲ್ಲಿ, ಕೋವಿಡ್ ಹಾವಳಿಯ ನಡುವೆ, ಬರುತ್ತಿದ್ದ ಸುದ್ದಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 2021ರ ಮಾರ್ಚ್ 25ರಂದು ರಾಜ್ಯದ ಆಡಳಿತ ನಡೆಸುವ, ಜನರೇ ಆರಿಸಿದ ಗವರ್ನರ್ ಡಗ್ ಡ್ಯೂಸಿ ಒಂದು ಆದೇಶ ಹೊರಡಿಸಿದರು. ಬಾರ್‌ಗಳು ಎಂದಿನಂತೆ ನಡೆಯಬಹುದು, ದೊಡ್ಡ ಕಾರ್ಯಕ್ರಮಗಳಿಗೆ ಮೊದಲೇ ಒಪ್ಪಿಗೆ ಪಡೆಯಬೇಕಿಲ್ಲ, ಯಾವ ನಗರವೂ ಮಾಸ್ಕ್ ಕಡ್ಡಾಯ ಮಾಡುವಂತಿಲ್ಲ ಅಂತ ಅದರಲ್ಲಿತ್ತು. ಅದರ ಬೆನ್ನಿಗೇ ಫೀನಿಕ್ಸ್ ನಗರ ಆಡಳಿತ, ತನ್ನ ಮಾಸ್ಕ್ ನಿಯಮ ಹಾಗೇ ಮುಂದುವರಿಯುತ್ತದೆ ಅಂತ ಹೇಳಿತು. ಟೂಸಾನ್ ಮತ್ತು ಫ್ಲ್ಯಾಗ್‌ಸ್ಟಾಫ್ ನಗರಗಳೂ ಅದನ್ನೇ ಹೇಳಿದವು. ಬೇರೆ ಕೆಲವು ಊರುಗಳು ಗವರ್ನರ್ ಮಾತಿಗೆ ಒಪ್ಪಿ ನಿಯಮ ಕೈಬಿಟ್ಟವು.

ಆಗ ಏಪ್ರಿಲ್ ಕೊನೆ. ಊರಲ್ಲಿ ಓಡಾಡುವವರಿಗೆ ಮಾಸ್ಕ್ ಹಾಕಬೇಕೋ ಬೇಡವೋ ಅನ್ನುವುದು ದಿನಾ ಎದುರಾಗುವ ಪ್ರಶ್ನೆಯಾಗಿತ್ತು. ದೂರದಿಂದ ಓದುವವರಿಗೆ ಇನ್ನೊಂದು ಸೋಜಿಗ. ಜನವರಿಯಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಸೋಂಕು ಕಂಡ ರಾಜ್ಯ ಇದು. ಅಂಥದ್ದು ಮೂರೇ ತಿಂಗಳಲ್ಲಿ ಇಷ್ಟು ನಿರಾಳವಾಗಿದ್ದು ಹೇಗೆ?

ಗೊಂದಲಕ್ಕೆ ಎರಡು ಕಾರಣಗಳಿದ್ದವು. ಒಂದು ಅಧಿಕಾರದ್ದು, ಇನ್ನೊಂದು ಋತುವಿನದು. ಸುದ್ದಿಯಲ್ಲಿ ಮೊದಲನೆಯದೇ ತುಂಬಿಕೊಂಡಿತ್ತು. ಆದರೆ ಮುಂದಿನ ನಾಲ್ಕು ತಿಂಗಳಲ್ಲಿ ಜನರ ಆರೋಗ್ಯ ಹೇಗಿರುತ್ತದೆ ಅನ್ನುವುದು ಎರಡನೆಯದರ ಮೇಲೆ ಜಾಸ್ತಿ ನಿಂತಿತ್ತು.

ಒಂದೇ ಊರು, ಎಷ್ಟೊಂದು ನಿಯಮ

ಒಬ್ಬರು ಬೆಳಗ್ಗೆ ಮನೆಯಿಂದ ಹೊರಟು ಲೈಟ್ ರೈಲು ಹತ್ತುತ್ತಾರೆ ಅಂದುಕೊಳ್ಳಿ. ಆಗ ಅಲ್ಲಿ ಮಾಸ್ಕ್ ಬೇಕೇ ಬೇಕಿತ್ತು. ಬಸ್ಸು, ರೈಲು, ವಿಮಾನ ನಿಲ್ದಾಣಗಳಲ್ಲಿ ನಡೆಯುತ್ತಿದ್ದುದು ಕೇಂದ್ರ ಸರ್ಕಾರದ ನಿಯಮ. ಫೆಬ್ರವರಿಯಿಂದ ಅದು ಜಾರಿಯಲ್ಲಿತ್ತು. ಗವರ್ನರ್ ಆದೇಶವೂ ಸಾರ್ವಜನಿಕ ಸಾರಿಗೆ ಮತ್ತು ಸರ್ಕಾರಿ ಕಟ್ಟಡಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಲು ಅವಕಾಶ ಉಳಿಸಿತ್ತು.

ರೈಲು ಇಳಿದು ಅಂಗಡಿಗೆ ಹೋದರೆ ಕಥೆ ಬೇರೆ. ರಾಜ್ಯದ ಪ್ರಕಾರ ಮಾಸ್ಕ್ ಕಡ್ಡಾಯ ಆಗಿರಲಿಲ್ಲ. ನಗರದ ಪ್ರಕಾರ ಕಡ್ಡಾಯವಾಗಿತ್ತು. ಅಂಗಡಿಯವರು ತಮ್ಮ ಬಾಗಿಲಲ್ಲಿ ತಮ್ಮದೇ ನಿಯಮ ಹಾಕಿಕೊಳ್ಳಬಹುದಿತ್ತು, ಅದನ್ನು ಯಾರೂ ತಡೆದಿರಲಿಲ್ಲ. ದೊಡ್ಡ ದಿನಸಿ ಮಳಿಗೆಗಳಲ್ಲಿ ಇನ್ನೂ ‘ಮಾಸ್ಕ್ ಇಲ್ಲದೆ ಪ್ರವೇಶವಿಲ್ಲ’ ಅನ್ನುವ ಫಲಕ ಕಾಣುತ್ತಿದ್ದುದು ಇದಕ್ಕೇ.

ಏಪ್ರಿಲ್ 9ರಂದು ಇನ್ನೊಂದು ತಿರುವು ಬಂತು. ಸರ್ಕಾರ ಮಾಡಿದ ಮಾಸ್ಕ್ ನಿಯಮವನ್ನು ಅಂಗಡಿ, ಹೋಟೆಲ್‌ಗಳು ಜಾರಿ ಮಾಡಲೇಬೇಕು ಅಂತೇನಿಲ್ಲ ಎನ್ನುವ ಮಸೂದೆಗೆ ಗವರ್ನರ್ ಸಹಿ ಹಾಕಿದರು. ಅಂದರೆ ನಗರದ ನಿಯಮ ಕಾಗದದ ಮೇಲೆ ಉಳಿದರೂ ಅದನ್ನು ನಡೆಸಬೇಕಾದ ಅಂಗಡಿಯವರಿಗೆ ಕಾನೂನೇ ‘ನಿಮಗಿಷ್ಟ ಬಂದಂತೆ ಮಾಡಿ’ ಅಂತ ಹೇಳಿದ ಹಾಗಾಯಿತು.

ಇದರ ಭಾರವೆಲ್ಲ ಕೊನೆಗೆ ಬಿದ್ದದ್ದು ಬಾಗಿಲಲ್ಲಿ ನಿಂತ ಕೆಲಸದವರ ಮೇಲೆ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಹುಡುಗ, ಹುಡುಗಿಯರು ಅವರು. ಮಾಸ್ಕ್ ಹಾಕಿ ಅಂದರೆ ‘ಗವರ್ನರೇ ಬೇಡ ಅಂದಿದ್ದಾರಲ್ಲ’ ಅಂತ ಒಬ್ಬ ಗಿರಾಕಿ ರೇಗುತ್ತಿದ್ದ. ಸುಮ್ಮನಿದ್ದರೆ ‘ನಗರದ ನಿಯಮ ಗೊತ್ತಿಲ್ವಾ’ ಅಂತ ಇನ್ನೊಬ್ಬರು ಕೇಳುತ್ತಿದ್ದರು. ಕಾನೂನಿನ ಜಗಳ ಬಿಡಿಸುವ ಕೆಲಸವನ್ನು ಅವರ ತಲೆಗೆ ಕಟ್ಟಿದ್ದು ಅನ್ಯಾಯ.

ಇನ್ನೂ ಒಂದು ಪದರ ಇದೆ. ಫೀನಿಕ್ಸ್ ಸುತ್ತಮುತ್ತ ಮೂಲನಿವಾಸಿ ಸಮುದಾಯಗಳ ಸ್ವಂತ ಆಡಳಿತದ ಭೂಮಿ ಇದೆ. ಸಾಲ್ಟ್ ರಿವರ್ ಪೀಮಾ-ಮರಿಕೋಪಾ ಸಮುದಾಯದ ನೆಲ ಸ್ಕಾಟ್ಸ್‌ಡೇಲ್ ಊರಿಗೆ ಅಂಟಿಕೊಂಡೇ ಇದೆ. ರಸ್ತೆ ದಾಟಿದರೆ ಸರ್ಕಾರವೇ ಬದಲಾಗುತ್ತದೆ. ಅಲ್ಲಿ ಏನು ನಡೆಯಬೇಕು ಅಂತ ತೀರ್ಮಾನಿಸುವುದು ಆ ಸಮುದಾಯದ ಆಡಳಿತ, ಗವರ್ನರ್ ಅಲ್ಲ. ರಾಜ್ಯದ ಈಶಾನ್ಯಕ್ಕಿರುವ, ಮೂಲನಿವಾಸಿಗಳದೇ ಆಡಳಿತದ ನವಾಹೋ ನೇಷನ್ ಮಾಸ್ಕ್ ನಿಯಮ ಸಡಿಲಿಸುವ ಮಾತನ್ನೇ ಆಡಿರಲಿಲ್ಲ. ಅದಕ್ಕೆ ಕಾರಣ ಇತ್ತು. 2020ರ ಮೇ ತಿಂಗಳಲ್ಲಿ ಅಲ್ಲಿನ ಸೋಂಕಿನ ಪ್ರಮಾಣ ನ್ಯೂಯಾರ್ಕ್ ರಾಜ್ಯವನ್ನೂ ಮೀರಿಸಿತ್ತು. ಕೈ ತೊಳೆಯಲು ನಲ್ಲಿ ನೀರೇ ಇಲ್ಲದ ಮನೆಗಳು ಅಲ್ಲಿ ಬೇಕಾದಷ್ಟಿವೆ. ಲಸಿಕೆ ಬಂದಾಗ ಆ ಜನ ಬೇಗ ಬೇಗ ಹಾಕಿಸಿಕೊಂಡರು. ಹಾಗಿದ್ದೂ ಎಚ್ಚರ ಬಿಟ್ಟಿರಲಿಲ್ಲ.

ರಾಜ್ಯ ಮತ್ತು ನಗರ ಯಾಕೆ ಜಗ್ಗಾಡಿದವು

ಡ್ಯೂಸಿ ರಿಪಬ್ಲಿಕನ್ ಪಕ್ಷದವರು. ಫೀನಿಕ್ಸ್ ಮೇಯರ್ ಕೇಟ್ ಗಯೇಗೋ, ಟೂಸಾನ್ ಮೇಯರ್ ರೆಜಿನಾ ರೊಮೆರೊ ಇಬ್ಬರೂ ಡೆಮಾಕ್ರಟಿಕ್ ಪಕ್ಷದವರು. ಪಕ್ಷ ರಾಜಕೀಯ ಇದರಲ್ಲಿ ಇಲ್ಲ ಅನ್ನಲಾಗದು. ಆದರೆ ಅಷ್ಟೇ ಅಂದುಕೊಂಡರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ಅರಿಜೋನಾದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಮಾಸ್ಕ್ ನಿಯಮ ಯಾವತ್ತೂ ಇರಲಿಲ್ಲ. 2020ರ ಜೂನ್ 17ರವರೆಗೆ ನಗರಗಳು ತಾವಾಗಿ ನಿಯಮ ಮಾಡಲೂ ಗವರ್ನರ್ ಬಿಟ್ಟಿರಲಿಲ್ಲ. ಸೋಂಕು ಕೈಮೀರಿದಾಗ ‘ನಿಮ್ಮ ನಿಮ್ಮ ಊರಿಗೆ ನೀವೇ ನೋಡಿಕೊಳ್ಳಿ’ ಅಂದರು. ಮೂರೇ ದಿನದಲ್ಲಿ ಫೀನಿಕ್ಸ್ ನಿಯಮ ಜಾರಿಗೆ ಬಂತು. ಹಾಗಾಗಿ ಮಾರ್ಚ್‌ನಲ್ಲಿ ಹಿಂತೆಗೆದದ್ದು ರಾಜ್ಯದ ನಿಯಮವನ್ನಲ್ಲ. ನಗರಗಳಿಗೆ ಬಿಟ್ಟುಕೊಟ್ಟಿದ್ದ ಅವಕಾಶವನ್ನು ವಾಪಸ್ ಕೇಳಲಾಗುತ್ತಿತ್ತು. ಕೊಟ್ಟಿದ್ದನ್ನು ಹಿಂಪಡೆಯುವ ಅಧಿಕಾರ ತುರ್ತು ಆದೇಶದಲ್ಲಿ ಇದೆ ಅನ್ನುವುದು ರಾಜ್ಯದ ವಾದ. ಊರಿನ ಜನರ ಆರೋಗ್ಯ ಕಾಯುವುದು ತಮ್ಮದೇ ಕರ್ತವ್ಯ ಅನ್ನುವುದು ನಗರಗಳ ವಾದ.

ನಗರಗಳು ಧೈರ್ಯ ಮಾಡಿದರೂ ಒಳಗೊಳಗೆ ಅಳುಕು ಇರಲು ಕಾರಣ 2016ರ ಒಂದು ಕಾನೂನು. ಒಂದು ನಗರ ರಾಜ್ಯದ ಕಾನೂನು ಮುರಿದಿದೆ ಅಂತ ಒಬ್ಬ ಶಾಸಕ ದೂರು ಕೊಟ್ಟರೂ ಸಾಕು, ರಾಜ್ಯದ ಅಟಾರ್ನಿ ಜನರಲ್ ತನಿಖೆ ಮಾಡಬೇಕು. ತಪ್ಪು ಸಾಬೀತಾಗಿ ನಗರ ತಿದ್ದಿಕೊಳ್ಳದಿದ್ದರೆ ರಾಜ್ಯದಿಂದ ಬರುವ ತೆರಿಗೆ ಪಾಲನ್ನೇ ತಡೆಹಿಡಿಯಬಹುದು. ಪೊಲೀಸ್, ಅಗ್ನಿಶಾಮಕದಂಥ ದಿನನಿತ್ಯದ ಖರ್ಚಿಗೆ ಆ ಹಣ ಬೇಕು. ಮಾಸ್ಕ್ ವಿಷಯದಲ್ಲಿ ನಗರಗಳು ನಿಯಮ ಇಟ್ಟುಕೊಂಡರೂ ದಂಡ ಹಾಕಲು ಮುಂದಾಗದೆ ತಿಳಿಹೇಳುವುದರಲ್ಲೇ ಇದ್ದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಎರಡೂ ಕಡೆ ತೂಕವಿದೆ

ಗವರ್ನರ್ ಕಡೆಯವರ ಮಾತು ಸುಳ್ಳಲ್ಲ. ಜನವರಿ 3ರಂದು ಒಂದೇ ದಿನ 17 ಸಾವಿರಕ್ಕೂ ಹೆಚ್ಚು ಪ್ರಕರಣ ವರದಿಯಾಗಿದ್ದ ರಾಜ್ಯದಲ್ಲಿ ಏಪ್ರಿಲ್ ಕೊನೆಗೆ ದಿನಕ್ಕೆ ಸಾವಿರದ ಒಳಗೇ ಇರುತ್ತಿತ್ತು. ಆಸ್ಪತ್ರೆಗಳಲ್ಲಿ ಕೋವಿಡ್ ರೋಗಿಗಳು ತುಂಬಾ ಕಡಿಮೆಯಾಗಿದ್ದರು. ಮಾರ್ಚ್ 24ರಿಂದ ರಾಜ್ಯ ನಡೆಸುವ ಕೇಂದ್ರಗಳಲ್ಲಿ 16 ವರ್ಷ ದಾಟಿದ ಯಾರಿಗೆ ಬೇಕಾದರೂ ಲಸಿಕೆ ಸಿಗುತ್ತಿತ್ತು. ಒಂದು ವರ್ಷ ಬಾಗಿಲು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ಬಸವಳಿದ ಹೋಟೆಲ್‌ಗಳಿಗೆ ಇನ್ನೊಂದು ನಿರ್ಬಂಧ ತಡೆಯುವ ಶಕ್ತಿ ಇರಲಿಲ್ಲ. ಕೆಲಸ ಕಳೆದುಕೊಂಡವರಿಗೆ ಆಗ ರಾಜ್ಯ ಕೊಡುತ್ತಿದ್ದ ನಿರುದ್ಯೋಗ ಭತ್ಯೆ ವಾರಕ್ಕೆ ಹೆಚ್ಚೆಂದರೆ 240 ಡಾಲರ್. ದೇಶದಲ್ಲೇ ಅತಿ ಕಡಿಮೆ ಕೊಡುವ ರಾಜ್ಯಗಳ ಸಾಲಿನಲ್ಲಿ ಇದೂ ಒಂದಾಗಿತ್ತು. ಕೇಂದ್ರದ ಹೆಚ್ಚುವರಿ 300 ಡಾಲರ್ ಇದ್ದುದರಿಂದ ಆಗ ಬದುಕು ನಡೆಯುತ್ತಿತ್ತು.

ವಿರೋಧಿಸುವವರ ಮಾತೂ ಸುಳ್ಳಲ್ಲ. ರಾಜ್ಯದ ಸುಮಾರು 71 ಲಕ್ಷ ಜನರಲ್ಲಿ ಆ ಹೊತ್ತಿಗೆ ಒಂದು ಡೋಸಾದರೂ ಪಡೆದವರು ಐದರಲ್ಲಿ ಎರಡು ಪಾಲು ಇದ್ದಿರಬಹುದು, ಅಷ್ಟೇ. ಸುಮಾರು 17 ಸಾವಿರ ಜನ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಬ್ರಿಟನ್‌ನಲ್ಲಿ ಮೊದಲು ಕಂಡ, ಬೇಗ ಹರಡುವ ರೂಪಾಂತರಿ ಅಮೆರಿಕದಲ್ಲೂ ಹಬ್ಬುತ್ತಿತ್ತು. ಮಾಸ್ಕ್ ಅಂಗಡಿ ಮುಚ್ಚಿಸುವುದಿಲ್ಲ, ಯಾರ ಸಂಬಳವನ್ನೂ ಕಿತ್ತುಕೊಳ್ಳುವುದಿಲ್ಲ. ಇರುವ ಕ್ರಮಗಳಲ್ಲೇ ಅತಿ ಅಗ್ಗದ್ದನ್ನು ಮೊದಲು ಕೈಬಿಟ್ಟಿದ್ದು ಯಾಕೆ ಅಂತ ಅವರು ಕೇಳುತ್ತಿದ್ದರು. ಈ ಪ್ರಶ್ನೆಗೆ ಗವರ್ನರ್ ಕಡೆಯಿಂದ ಬರುತ್ತಿದ್ದ ಉತ್ತರ ‘ಜನರಿಗೆ ಅವರವರ ಜವಾಬ್ದಾರಿ ಗೊತ್ತು’ ಅನ್ನುವುದು. ಗಾಳಿಯಲ್ಲಿ ಹರಡುವ ಕಾಯಿಲೆಯಲ್ಲಿ ಒಬ್ಬರ ಜವಾಬ್ದಾರಿ ಇನ್ನೊಬ್ಬರ ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ಹಾಗಾಗಿ ಆ ಉತ್ತರ ಸಾಲದು.

ಆದರೆ ಈ ಎರಡೂ ಕಡೆಯವರು ಮಾತಾಡುತ್ತಿದ್ದುದು ಆ ಹೊತ್ತಿನ ಅಂಕಿಗಳ ಬಗ್ಗೆ. ಮರುಭೂಮಿಯ ಊರಲ್ಲಿ ಏಪ್ರಿಲ್‌ನ ಅಂಕಿ ನೋಡಿ ಜುಲೈ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಇಲ್ಲಿ ಕ್ಯಾಲೆಂಡರ್ ಉಲ್ಟಾ

ಅಮೆರಿಕದ ಉತ್ತರದ ಊರುಗಳಲ್ಲಿ ಜನ ಚಳಿಗಾಲ ಪೂರ್ತಿ ಒಳಗೆ ಕೂತು ಬೇಸಿಗೆಗೆ ಹೊರಗೆ ಬರುತ್ತಾರೆ. ಬೇಸಿಗೆಯಲ್ಲಿ ಸೋಂಕು ತಗ್ಗುತ್ತದೆ ಅನ್ನುವ ಲೆಕ್ಕಾಚಾರ ಅಲ್ಲಿಂದ ಬಂದದ್ದು. ಫೀನಿಕ್ಸ್‌ನಲ್ಲಿ ಇದು ತಿರುಗಾಮುರುಗಾ.

ಇಲ್ಲಿ ಹೊರಗಿನ ಬದುಕು ಅಂದರೆ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಅದರಲ್ಲೂ ವಸಂತ ಅತಿ ಚೆಂದ. ಮಾರ್ಚ್‌ನಲ್ಲಿ ಹಳೆಯ ಬಡಾವಣೆಗಳ ಕಿತ್ತಳೆ ಮರಗಳು ಹೂ ಬಿಟ್ಟು ಬೀದಿಗೆ ಬೀದಿಯೇ ಘಮಘಮ ಅನ್ನುತ್ತದೆ. ಏಪ್ರಿಲ್‌ನಲ್ಲಿ ಪಾಲೋವರ್ಡೆ ಮರಗಳು ಎಲೆಯೇ ಕಾಣದಷ್ಟು ಹಳದಿ ಹೂ ತುಂಬಿಕೊಳ್ಳುತ್ತವೆ. ನಿಲ್ಲಿಸಿದ ಕಾರುಗಳ ಮೇಲೆ, ಕಾಲುದಾರಿಯ ಮೇಲೆ ಹಳದಿ ಎಸಳು ಹಾಸಿದಂತೆ ಬಿದ್ದಿರುತ್ತವೆ. ಹಗಲಿನ ಗರಿಷ್ಠ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಾಲುವೆ ದಂಡೆಯ ಮೇಲೆ ಬೆಳಗ್ಗೆ ಸಂಜೆ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ. ಕ್ಯಾಮಲ್‌ಬ್ಯಾಕ್ ಬೆಟ್ಟ, ಸೌತ್ ಮೌಂಟನ್ ಹತ್ತುವವರ ಕಾರುಗಳಿಗೆ ಜಾಗ ಸಾಲದು. ಹೋಟೆಲ್‌ಗಳಲ್ಲಿ ಹೊರಗಿನ ಮೇಜುಗಳೇ ಮೊದಲು ತುಂಬುತ್ತವೆ.

ಬೇಸ್‌ಬಾಲ್ ತಂಡಗಳು ವಸಂತ ಕಾಲದ ಅಭ್ಯಾಸಕ್ಕೆ ಇಲ್ಲಿಗೆ ಬರುವುದೂ ಇದೇ ಹವೆಗಾಗಿ. ‘ಕ್ಯಾಕ್ಟಸ್ ಲೀಗ್’ ಅಂತ ಕರೆಯುವ ಈ ಪಂದ್ಯಗಳಲ್ಲಿ 15 ತಂಡಗಳಿವೆ. 2020ರ ಮಾರ್ಚ್ 12ರಂದು ಅವು ಅರ್ಧಕ್ಕೇ ನಿಂತವು. 2021ರ ಫೆಬ್ರವರಿ ಕೊನೆಗೆ ಶುರುವಾದಾಗ ಪ್ರೇಕ್ಷಕರನ್ನು ಕಡಿಮೆ ಮಾಡಿ, ಗುಂಪು ಗುಂಪಾಗಿ ಅಂತರ ಬಿಟ್ಟು ಕೂರಿಸಿದರು. ಬಯಲಲ್ಲಿ ಕೂತು ನೋಡುವ ಆಟ ಆದ್ದರಿಂದ ಅದು ಸಾಧ್ಯವಾಯಿತು.

ಹೊರಗಿನ ಗಾಳಿಯಲ್ಲಿ ಈ ವೈರಸ್ ಹರಡುವುದು ತುಂಬಾ ಕಡಿಮೆ. ಏಪ್ರಿಲ್ 27ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಲಸಿಕೆ ಪೂರ್ತಿ ಪಡೆದವರು ಗುಂಪಿಲ್ಲದ ಬಯಲಲ್ಲಿ ಮಾಸ್ಕ್ ಇಲ್ಲದೆ ಇರಬಹುದು ಅಂದಿತು. ಅಂದರೆ ಫೀನಿಕ್ಸ್‌ನ ಆಗಿನ ಒಳ್ಳೆಯ ಅಂಕಿಗಳಲ್ಲಿ ಲಸಿಕೆಯ ಪಾಲಿತ್ತು, ಚಳಿಗಾಲದಲ್ಲಿ ಸೋಂಕು ತಗುಲಿ ಬಂದ ರೋಗನಿರೋಧಕ ಶಕ್ತಿಯ ಪಾಲಿತ್ತು, ಜೊತೆಗೆ ತೆರೆದ ಕಿಟಕಿಗಳ ಪಾಲೂ ಇತ್ತು. ಮೇ ಮೊದಲ ವಾರದ ಹೊತ್ತಿಗೆ ಇಲ್ಲಿ ಉಷ್ಣಾಂಶ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ವಾಡಿಕೆ. ಆಮೇಲೆ ಆ ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ.

2020ರ ಬೇಸಿಗೆ ಕಲಿಸಿದ್ದು

2020ರಲ್ಲಿ ಮೇ 15ಕ್ಕೆ ಮನೆಯಲ್ಲೇ ಇರಿ ಅನ್ನುವ ಆದೇಶ ಮುಗಿಯಿತು. ಬಾರ್, ಜಿಮ್ ಎಲ್ಲ ತೆರೆದವು. ಅದೇ ಹೊತ್ತಿಗೆ ಸೆಕೆ ಏರಿತು. ಜೂನ್ 1ರಂದು ದಿನಕ್ಕೆ ಸರಾಸರಿ 808 ಇದ್ದ ಪ್ರಕರಣಗಳು ಜೂನ್ 15ಕ್ಕೆ 2,026 ಆದವು. ಎರಡು ವಾರದಲ್ಲಿ ಎರಡೂವರೆ ಪಟ್ಟು. ನ್ಯೂಯಾರ್ಕ್‌ನಲ್ಲಿ ಸೋಂಕು ಇಳಿಯುತ್ತಿದ್ದ ದಿನಗಳಲ್ಲಿ ಅರಿಜೋನಾ ದೇಶದ ಹೊಸ ಕೇಂದ್ರವಾಯಿತು.

ಇದನ್ನು ನೋಡಿ ‘ಎಲ್ಲ ಸೆಕೆಯ ಆಟ’ ಅಂತ ತೀರ್ಮಾನಿಸಬಹುದಿತ್ತು. ಆದರೆ ಮುಂದೆ ಆಗಿದ್ದನ್ನೂ ನೋಡಬೇಕು. ಜೂನ್ ನಡುವೆ ನಗರಗಳು ಮಾಸ್ಕ್ ನಿಯಮ ತಂದವು. ಜೂನ್ 29ರಂದು ಗವರ್ನರ್ ಬಾರ್, ಜಿಮ್, ಸಿನಿಮಾ ಮಂದಿರಗಳನ್ನು ಮತ್ತೆ ಮುಚ್ಚಿಸಿದರು. ಜುಲೈ 13ರಿಂದ ಆಗಸ್ಟ್ 7ರೊಳಗೆ ಪ್ರಕರಣಗಳು ಸುಮಾರು 75% ಇಳಿದವು. ಆ ದಿನಗಳಲ್ಲಿ ಸೆಕೆ ಇಳಿದಿತ್ತಾ? ಇಲ್ಲವೇ ಇಲ್ಲ. ಆ ವರ್ಷ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಇಲ್ಲವೇ ದಾಟಿದ ದಿನಗಳೇ 53 ಇದ್ದವು. ಫೀನಿಕ್ಸ್‌ನ ಅಲ್ಲಿಯವರೆಗಿನ ಇತಿಹಾಸದಲ್ಲೇ ಅಷ್ಟು ಇರಲಿಲ್ಲ. ಎಲ್ಲರೂ ಎ.ಸಿ. ಹಾಕಿ ಒಳಗೇ ಇದ್ದರು. ಹಾಗಿದ್ದೂ ಸೋಂಕು ಇಳಿಯಿತು.

ಸೆಕೆ ಜನರನ್ನು ಒಳಗೆ ತಳ್ಳುತ್ತದೆ. ಒಳಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದು ಅಲ್ಲಿ ಎಷ್ಟು ಜನ ಸೇರುತ್ತಾರೆ, ಮುಖಕ್ಕೆ ಏನಿದೆ, ಗಾಳಿ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಮೂರನ್ನೂ ಮನುಷ್ಯರು ಬದಲಿಸಬಹುದು. 2020ರ ಜುಲೈ ಅದನ್ನು ತೋರಿಸಿಕೊಟ್ಟಿತು. ಹೀಗಿರುವಾಗ, ಬದಲಿಸುವ ಅಧಿಕಾರವನ್ನೇ ಸೆಕೆಗೆ ಮುಂಚೆ ನಗರಗಳಿಂದ ತೆಗೆದದ್ದು ಮಾರ್ಚ್ ಆದೇಶದ ನಿಜವಾದ ತೊಂದರೆ. ಏಪ್ರಿಲ್‌ನಲ್ಲಿ ಮಾಸ್ಕ್ ಇಲ್ಲದೆ ನಡೆದದ್ದರಿಂದ ದೊಡ್ಡ ನಷ್ಟ ಆಗದಿರಬಹುದು. ಜೂನ್ ಕೊನೆಗೆ ಅಂಕಿ ಏರಿದರೆ ಮತ್ತೆ ನಿಯಮ ತರಲು ಊರಿಗೆ ದಾರಿ ಇರಬೇಕಿತ್ತಲ್ವಾ?

ಎ.ಸಿ. ಕೋಣೆಯ ಗಾಳಿ

ಮನೆ, ಸಣ್ಣ ಅಂಗಡಿಗಳ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅಲ್ಲೇ ಬಿಡುತ್ತದೆ. ಒಬ್ಬ ಸೋಂಕಿತ ಉಸಿರು ಬಿಟ್ಟರೆ ಆ ಕಣಗಳು ಅದೇ ಕೋಣೆಯಲ್ಲಿ ಸುತ್ತುತ್ತವೆ. ದೊಡ್ಡ ಕಟ್ಟಡಗಳಲ್ಲಿ ಹೊರಗಾಳಿ ಬೆರೆಸುವ ವ್ಯವಸ್ಥೆ ಇರುತ್ತದೆ. ಆದರೆ 43 ಡಿಗ್ರಿಯ ಗಾಳಿಯನ್ನು ಒಳಗೆ ತಂದು ತಣಿಸಲು ವಿದ್ಯುತ್ ಖರ್ಚು ಜಾಸ್ತಿ. ಬಿಲ್ ನೋಡಿದವರು ಅದನ್ನು ಆದಷ್ಟು ಕಡಿಮೆ ಇಡುತ್ತಾರೆ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಹಳೆಯ, ಬಡ ಬಡಾವಣೆಗಳ ಕೆಲವು ಮನೆಗಳ ಮಾಡಿನ ಮೇಲೆ ಇನ್ನೂ ನೀರಿನ ಕೂಲರ್‌ಗಳಿವೆ. ಒದ್ದೆ ಹಾಸಿನ ಮೂಲಕ ಹೊರಗಿನ ಒಣ ಗಾಳಿಯನ್ನು ಎಳೆದು ತಂಪು ಮಾಡಿ ಮನೆಗೆ ನೂಕುತ್ತವೆ. ಅವು ಕೆಲಸ ಮಾಡಬೇಕಾದರೆ ಕಿಟಕಿ ಸ್ವಲ್ಪ ತೆರೆದಿರಬೇಕು, ಒಳಗಿನ ಗಾಳಿ ಹೊರಗೆ ಹೋಗಬೇಕು. ಗಾಳಿ ಬದಲಾಗುವ ಲೆಕ್ಕದಲ್ಲಿ ದುಬಾರಿ ಎ.ಸಿ.ಗಿಂತ ಇದೇ ವಾಸಿ. ಆದರೆ ಜುಲೈ ಸುಮಾರಿಗೆ ಮಾನ್ಸೂನ್ ತೇವ ಬರುತ್ತಿದ್ದಂತೆ ಕೂಲರ್‌ಗಳು ಕೈಕೊಡುತ್ತವೆ. ಆ ಮನೆಗಳ ಜನ ತಂಪಿಗಾಗಿ ಮಾಲ್, ಗ್ರಂಥಾಲಯ, ನೆಂಟರ ಮನೆ ಹುಡುಕುತ್ತಾರೆ. ಅಲ್ಲಿ ಮತ್ತೆ ಅದೇ ಮುಚ್ಚಿದ ಕೋಣೆ, ಇನ್ನಷ್ಟು ಜನ.

ಒಳ್ಳೆಯ ಫಿಲ್ಟರ್ ಹಾಕಿಸುವುದು, ಗಾಳಿ ಶುದ್ಧ ಮಾಡುವ ಯಂತ್ರ ಇಡುವುದು, ಕೋಣೆಯಲ್ಲಿ ಜನ ಕಡಿಮೆ ಇರುವಂತೆ ನೋಡಿಕೊಳ್ಳುವುದು ಇವೆಲ್ಲ ಹೊಸ ವಿಷಯವೇನಲ್ಲ. ಮಾಸ್ಕ್ ಬಗ್ಗೆ ನಡೆದ ಗಲಾಟೆಯ ಹತ್ತರಲ್ಲಿ ಒಂದು ಪಾಲು ಚರ್ಚೆಯೂ ಇವುಗಳ ಬಗ್ಗೆ ನಡೆಯದಿರುವುದು ಬೇಸರದ ವಿಷಯ.

ಕೆಮ್ಮು ಯಾವುದರದು?

ವಸಂತದಲ್ಲಿ ಇನ್ನೊಂದು ಗೋಜಲು. ಪಾಲೋವರ್ಡೆ, ಮೆಸ್ಕೀಟ್, ಆಲಿವ್ ಮರಗಳ ಪರಾಗ ಗಾಳಿಗೆ ಬಂದಾಗ ಅರ್ಧ ಊರು ಸೀನುತ್ತದೆ. ಕಣ್ಣು ತುರಿಸಿ, ಮೂಗು ಸೋರಿ, ಜ್ವರ ಇಲ್ಲದಿದ್ದರೆ ಅದು ಬಹುಪಾಲು ಅಲರ್ಜಿ. ಆದರೆ ಒಂದು ವರ್ಷ ಸಣ್ಣ ಕೆಮ್ಮಿಗೂ ಬೆಚ್ಚಿಬಿದ್ದವರಿಗೆ ಈ ವ್ಯತ್ಯಾಸ ಸುಲಭವಾಗಿರಲಿಲ್ಲ. ನಿಯಮ ಸಡಿಲವಾದ ಮೇಲೆ ಉಲ್ಟಾ ಅಪಾಯವೂ ಇತ್ತು. ನಿಜವಾದ ಸೋಂಕನ್ನೂ ‘ಪರಾಗದ್ದಿರಬೇಕು ಬಿಡು’ ಅಂತ ಕಡೆಗಣಿಸಿ ಕೆಲಸಕ್ಕೆ ಹೋಗುವವರು ಹೆಚ್ಚಾಗಬಹುದಿತ್ತು.

ಅದಕ್ಕಿಂತ ಗಂಭೀರವಾದದ್ದು ವ್ಯಾಲಿ ಫೀವರ್. ಈ ಮರುಭೂಮಿಯ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಧೂಳಿನ ಜೊತೆ ಶ್ವಾಸಕೋಶ ಸೇರಿ ಬರುವ ಕಾಯಿಲೆ ಅದು. ಕೆಮ್ಮು, ಜ್ವರ, ತಿಂಗಳುಗಟ್ಟಲೆ ಸುಸ್ತು, ಎಲ್ಲ ಕೋವಿಡ್ ಥರವೇ. ಅಮೆರಿಕದಲ್ಲಿ ವರದಿಯಾಗುವ ವ್ಯಾಲಿ ಫೀವರ್‌ನಲ್ಲಿ ಸುಮಾರು ಮೂರನೇ ಎರಡು ಪಾಲು ಅರಿಜೋನಾದ್ದು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸಾಮಾನ್ಯ ಆ್ಯಂಟಿಬಯಾಟಿಕ್ ಕೊಟ್ಟರೆ ಪ್ರಯೋಜನವೂ ಇಲ್ಲ. ಕೋವಿಡ್ ಪರೀಕ್ಷೆ ನೆಗೆಟಿವ್ ಬಂದರೂ ಕೆಮ್ಮು ಬಿಡದಿದ್ದರೆ ಇಲ್ಲಿನವರು ವ್ಯಾಲಿ ಫೀವರ್ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು. ಎಲ್ಲರ ಗಮನ ಒಂದೇ ಕಾಯಿಲೆಯ ಮೇಲಿರುವಾಗ ಇನ್ನೊಂದು ತಡವಾಗಿ ಪತ್ತೆಯಾಗುವುದು ಸಹಜ.

ಲಸಿಕೆ ಯಾರಿಗೆ ಸಿಕ್ಕಿತು

ಫೀನಿಕ್ಸ್ ಪಕ್ಕದ ಗ್ಲೆಂಡೇಲ್‌ನ ಸ್ಟೇಟ್ ಫಾರ್ಮ್ ಸ್ಟೇಡಿಯಂ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಜನವರಿ 11ರಿಂದ ಹಗಲೂ ರಾತ್ರಿ ಲಸಿಕೆ ಕೊಟ್ಟರು. ಕಾರಿನಲ್ಲಿ ಬರಬೇಕು, ಕಿಟಕಿ ಇಳಿಸಿ ತೋಳು ಚಾಚಬೇಕು, ಕಾರಿನಲ್ಲೇ ಸ್ವಲ್ಪ ಹೊತ್ತು ಕೂತು ಹೊರಡಬೇಕು. ಆಗಿನ ಅಧ್ಯಕ್ಷ ಜೋ ಬೈಡನ್ ಫೆಬ್ರವರಿಯಲ್ಲಿ ವಿಡಿಯೋ ಮೂಲಕ ಇದನ್ನು ನೋಡಿದರು. ವೇಗದಲ್ಲಿ ಇದಕ್ಕೆ ಸಾಟಿ ಇರಲಿಲ್ಲ. ಏಪ್ರಿಲ್ ಕೊನೆಗೆ ಬಿಸಿಲು ಏರುತ್ತಿದ್ದಂತೆ ಕೇಂದ್ರವನ್ನು ಹತ್ತಿರದ ಗಿಲಾ ರಿವರ್ ಅರೆನಾದ ಒಳಗೆ ಸಾಗಿಸಿದರು. ಬಯಲಿನ ಕೆಲಸಕ್ಕೆ ಇಲ್ಲಿ ಇರುವ ಗಡುವು ಎಷ್ಟು ಖಚಿತ ಅನ್ನುವುದಕ್ಕೆ ಇದೇ ಸಾಕ್ಷಿ.

ಆದರೆ ಕಾರಿಲ್ಲದವರಿಗೆ ಈ ಏರ್ಪಾಡು ಸುಲಭ ಇರಲಿಲ್ಲ. ಮೊದಲ ತಿಂಗಳುಗಳಲ್ಲಿ ಇಂಟರ್‌ನೆಟ್‌ನಲ್ಲಿ ಸಮಯ ಕಾದಿರಿಸಬೇಕಿತ್ತು. ರಾತ್ರಿ ಪಾಳಿ ಮುಗಿಸಿ ಬಂದವರು, ಇಂಗ್ಲಿಷ್ ಸರಿಯಾಗಿ ಬಾರದವರು, ಒಂದೇ ಫೋನನ್ನು ಇಡೀ ಮನೆ ಬಳಸುವವರು ಹಿಂದೆ ಉಳಿದರು. ಪಶ್ಚಿಮ ಫೀನಿಕ್ಸ್‌ನ ಮೇರಿವೇಲ್‌ನಂಥ ಬಡಾವಣೆಗಳಲ್ಲಿ ಸೋಂಕು ಎಲ್ಲರಿಗಿಂತ ಹೆಚ್ಚು ಬಡಿದಿತ್ತು. ಅಲ್ಲಿರುವವರು ಹೆಚ್ಚಾಗಿ ಲ್ಯಾಟಿನೋ ಕುಟುಂಬಗಳು. ಕಟ್ಟಡ ಕೆಲಸ, ಅಡುಗೆಮನೆ, ಗೋದಾಮು ಅಂತ ಮನೆಯಲ್ಲಿ ಕೂತು ಮಾಡಲಾಗದ ಕೆಲಸದವರು. ಅಂಥ ಕಡೆ ಆಗ ಚರ್ಚ್, ಶಾಲೆ, ಸಣ್ಣ ಕ್ಲಿನಿಕ್‌ಗಳಿಗೆ ಲಸಿಕೆ ಹೋಗಬೇಕಾಗಿತ್ತು. ಅದರ ನಡುವೆ ಏಪ್ರಿಲ್ 13ರಂದು ಜಾನ್ಸನ್ ಆ್ಯಂಡ್ ಜಾನ್ಸನ್ ಲಸಿಕೆ ಹತ್ತು ದಿನ ನಿಂತಿತು. ಒಂದೇ ಡೋಸ್ ಸಾಕಾಗುವ ಲಸಿಕೆ ಅದು. ಎರಡನೇ ಸಲ ರಜೆ ಸಿಗದ ಕೂಲಿ ಕೆಲಸದವರಿಗೆ ಅದೇ ಹೆಚ್ಚು ಅನುಕೂಲ ಇತ್ತು.

‘ಬೇಕಾದವರಿಗೆಲ್ಲ ಲಸಿಕೆ ಸಿಗುತ್ತಿದೆ’ ಅನ್ನುವ ಮಾತು ಕಾನೂನಿನ ಪ್ರಕಾರ ಸರಿಯಾಗಿತ್ತು. ಮೇರಿವೇಲ್‌ನಲ್ಲಿ ಅದು ನಿಜವಾಗಲು ಇನ್ನೂ ಕೆಲವು ವಾರ ಬೇಕಿತ್ತು. ನಿಯಮ ಸಡಿಲಿಸಲು ಆ ಕೆಲವು ವಾರ ಕಾದಿದ್ದರೆ ಆಗುವ ನಷ್ಟ ಕಡಿಮೆ ಇತ್ತು.

ಬಿಸಿಲು, ಬಾಡಿಗೆ, ಕರೆಂಟ್ ಬಿಲ್

2019ರಲ್ಲಿ ಫೀನಿಕ್ಸ್ ಇರುವ ಮರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಕಾರಣಕ್ಕೆ ಸತ್ತವರು 199 ಜನ. 2020ರಲ್ಲಿ 323. ಸೆಕೆ ದಾಖಲೆ ಮಟ್ಟದಲ್ಲಿತ್ತು ಅನ್ನುವುದು ಒಂದು ಕಾರಣ. ಸೋಂಕಿನ ಭಯದಿಂದ ಗ್ರಂಥಾಲಯ, ವೃದ್ಧರ ಕೇಂದ್ರಗಳಂಥ ತಂಪು ತಾಣಗಳು ಮುಚ್ಚಿದ್ದೂ ಇನ್ನೊಂದು ಕಾರಣ. ನಗರ ತನ್ನ ದೊಡ್ಡ ಕನ್ವೆನ್ಷನ್ ಸೆಂಟರನ್ನೇ ಹಗಲು ತಂಗಲು ತೆರೆಯಬೇಕಾಯಿತು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮನೆ ಇರಲಿಲ್ಲ.

2021ರ ಬೇಸಿಗೆಯಲ್ಲಿ ಆ ಸಂಖ್ಯೆ ಏರುವ ಅಪಾಯ ಯಾಕಿತ್ತು ಅಂತ ನೋಡೋಣ. ಬಾಡಿಗೆ ಕೊಡಲಾಗದವರನ್ನು ಹೊರಹಾಕದಂತೆ ಕೇಂದ್ರ ತಂದ ತಡೆ ಆಗ ಜೂನ್ 30ರವರೆಗೆ ಇತ್ತು. ಅದು ಮುಗಿದರೆ ಜನ ಬೀದಿಗೆ ಬೀಳುವುದು ವರ್ಷದ ಅತಿ ಬಿಸಿ ತಿಂಗಳಲ್ಲಿ. ಜುಲೈನಲ್ಲಿ ಇಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶವೇ 41 ಡಿಗ್ರಿ ಸೆಲ್ಸಿಯಸ್. ಕರೆಂಟ್ ವಿಷಯದಲ್ಲಿ ಸ್ವಲ್ಪ ರಕ್ಷಣೆ ಇತ್ತು. ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಬಿಲ್ ಬಾಕಿ ಇದ್ದರೂ ಸಂಪರ್ಕ ಕಡಿಯಬಾರದು ಅಂತ ವಿದ್ಯುತ್ ಸಂಸ್ಥೆಗಳ ಮೇಲೆ ಕಣ್ಣಿಡುವ ರಾಜ್ಯದ ಕಾರ್ಪೊರೇಷನ್ ಕಮಿಷನ್ 2019ರಲ್ಲಿ ನಿಯಮ ಮಾಡಿತು. ಆದರೆ ಫೀನಿಕ್ಸ್ ಭಾಗಕ್ಕೆ ವಿದ್ಯುತ್ ಕೊಡುವ ಎರಡು ದೊಡ್ಡ ಸಂಸ್ಥೆಗಳಲ್ಲಿ ಒಂದಾದ ಸಾಲ್ಟ್ ರಿವರ್ ಪ್ರಾಜೆಕ್ಟ್ ಆ ಕಮಿಷನ್ ಕೆಳಗೆ ಬರುವುದಿಲ್ಲ. ಅದಲ್ಲದೆ ಬಾಕಿ ಮನ್ನಾ ಆಗುವುದಿಲ್ಲ, ಬೆಳೆಯುತ್ತದೆ ಅಷ್ಟೇ. ಬಿಲ್‌ಗೆ ಹೆದರಿ ಎ.ಸಿ. ಆರಿಸಿ ಮಲಗುವ ವಯಸ್ಸಾದವರನ್ನು ಯಾವ ನಿಯಮವೂ ಕಾಯುವುದಿಲ್ಲ.

ಸೋಂಕು ಮತ್ತೆ ಏರಿದರೆ ತಂಪು ತಾಣಗಳನ್ನು ಮುಚ್ಚಬೇಕೋ ತೆರೆಯಬೇಕೋ ಅನ್ನುವ ಕಷ್ಟದ ಪ್ರಶ್ನೆ ಮತ್ತೆ ಬರುತ್ತಿತ್ತು. ಸೋಂಕು ತಗ್ಗಿದ್ದರೆ ಅವು ತೆರೆದೇ ಇರಬಹುದಿತ್ತು. ಲಸಿಕೆ, ಮಾಸ್ಕ್‌ಗಳ ಲಾಭವನ್ನು ಕೋವಿಡ್ ಲೆಕ್ಕದಲ್ಲಿ ಮಾತ್ರ ನೋಡಿದರೆ ಈ ಕೊಂಡಿ ಕಾಣುವುದಿಲ್ಲ. ಗ್ರಂಥಾಲಯದ ಬಾಗಿಲು ತೆರೆದಿರುವುದು ಇಲ್ಲಿ ಜೀವ ಉಳಿಸುವ ವಿಷಯ.

ಆಗಸ್ಟ್‌ನ ತರಗತಿಗಳು

ಹೆಚ್ಚು ಯೋಚಿಸಬೇಕಾದದ್ದು ಮಕ್ಕಳ ಬಗ್ಗೆ. ಮಾರ್ಚ್ ನಡುವಿನೊಳಗೆ ಶಾಲೆಗಳು ನೇರ ತರಗತಿ ಶುರು ಮಾಡಬೇಕು ಅಂತ ಗವರ್ನರ್ ಆದೇಶ ಮಾಡಿದ್ದರು. ಏಪ್ರಿಲ್ 19ರಂದು ಶಾಲೆಗಳ ಮಾಸ್ಕ್ ನಿಯಮವನ್ನೂ ರಾಜ್ಯ ಕೈಬಿಟ್ಟು, ತೀರ್ಮಾನವನ್ನು ಶಾಲಾ ಮಂಡಳಿಗಳಿಗೆ ಬಿಟ್ಟಿತು. ಹೆಚ್ಚಿನ ಮಂಡಳಿಗಳು ಆ ವರ್ಷದ ಓದು ಮುಗಿಯುವ ತನಕ ಹೇಗೋ ಸಾಗಿಸಬಹುದಿತ್ತು. ಮೇ ಕೊನೆಗೆ ರಜೆ ಬರುತ್ತದೆ.

ಆದರೆ ಫೀನಿಕ್ಸ್ ಸುತ್ತಲಿನ ಬಹಳಷ್ಟು ಶಾಲೆಗಳು ಮತ್ತೆ ತೆರೆಯುವುದು ಆಗಸ್ಟ್ ಮೊದಲ ವಾರಕ್ಕೆ, ಕೆಲವು ಇನ್ನೂ ಮೊದಲೇ. ಉತ್ತರದ ರಾಜ್ಯಗಳಲ್ಲಿ ಮಕ್ಕಳು ಇನ್ನೂ ರಜೆಯಲ್ಲಿರುವ ಹೊತ್ತು. ಇಲ್ಲಿ ಕಿಟಕಿ ತೆರೆಯಲಾಗದಷ್ಟು ಸೆಕೆ, ಊಟದ ಬಿಡುವಿನಲ್ಲೂ ಹೊರಗೆ ಕೂರಿಸಲಾಗದು. 2021ರ ಏಪ್ರಿಲ್ ಕೊನೆಗೆ 16 ವರ್ಷದ ಕೆಳಗಿನವರಿಗೆ ಲಸಿಕೆಗೆ ಒಪ್ಪಿಗೆ ಸಿಕ್ಕಿರಲಿಲ್ಲ. 12 ದಾಟಿದವರಿಗೆ ಬೇಸಿಗೆಯೊಳಗೆ ಸಿಗುವ ನಿರೀಕ್ಷೆ ಇತ್ತು. ಅದಕ್ಕಿಂತ ಚಿಕ್ಕವರಿಗೆ ಆಗಸ್ಟ್ ಹೊತ್ತಿಗೆ ಸಿಗುವ ಸೂಚನೆ ಇರಲಿಲ್ಲ. ಮುಚ್ಚಿದ ಕೋಣೆ, ಲಸಿಕೆ ಇಲ್ಲದ ಮಕ್ಕಳು, ಮಾಸ್ಕ್ ಬಗ್ಗೆ ಮಂಡಳಿಗೊಂದು ನಿಯಮ, ಮೂರೂ ಒಂದೇ ವಾರದಲ್ಲಿ ಕೂಡಲಿದ್ದವು.

ಶಾಲೆಗಳ ಕೈಯಲ್ಲಿ ಹಣ ಇಲ್ಲದಿರಲಿಲ್ಲ. ಮಾರ್ಚ್‌ನಲ್ಲಿ ಕೇಂದ್ರ ಒಪ್ಪಿದ ನೆರವಿನ ದುಡ್ಡನ್ನು ಗಾಳಿ ವ್ಯವಸ್ಥೆ ಸರಿಪಡಿಸಲು ಬಳಸಬಹುದಿತ್ತು. ಹಳೆಯ ಫಿಲ್ಟರ್ ತೆಗೆದು ಒಳ್ಳೆಯದು ಹಾಕುವುದು, ಛಾವಣಿಯ ಯಂತ್ರಗಳು ಹೊರಗಾಳಿ ತೆಗೆದುಕೊಳ್ಳುತ್ತಿವೆಯಾ ಅಂತ ನೋಡುವುದು, ತರಗತಿಗೊಂದು ಗಾಳಿ ಶುದ್ಧ ಮಾಡುವ ಯಂತ್ರ ತರಿಸುವುದು, ಇವಕ್ಕೆಲ್ಲ ಮಂಡಳಿಯ ಒಪ್ಪಿಗೆ ಬೇಕು, ಟೆಂಡರ್ ಕರೆಯಬೇಕು. ಬೇಸಿಗೆಯಲ್ಲಿ ಎ.ಸಿ. ಕೆಲಸದವರು ಸಿಗುವುದು ಬೇರೆ ಕಷ್ಟ, ಇಡೀ ಊರಿಗೆ ಅವರೇ ಬೇಕಾಗಿರುತ್ತಾರೆ. ಖಾಲಿ ಕಟ್ಟಡದಲ್ಲಿ ಕೆಲಸ ಮಾಡಿಸಲು ಸಿಗುವುದು ಜೂನ್, ಜುಲೈ ಎರಡೇ ತಿಂಗಳು. ಹಾಗಾಗಿ ಮೇ ತಿಂಗಳ ಮಂಡಳಿ ಸಭೆಗಳಲ್ಲಿ ಮಾಸ್ಕ್ ಗಲಾಟೆಯ ಜೊತೆ ಫಿಲ್ಟರ್ ಟೆಂಡರ್ ಕೂಡ ಬರುತ್ತದಾ ಅನ್ನುವುದನ್ನು ಅಪ್ಪ ಅಮ್ಮಂದಿರು ಆಗಲೇ ಕೇಳಿ ತಿಳಿದುಕೊಳ್ಳಬೇಕಿತ್ತು.